ಪ್ರಯಾಣದ ಪುಟ್ಟ ಬಾಟಲಿಗಳ ಸೆಟ್: ನಮ್ಮೂರಿನ ಜೇನು, ತುಪ್ಪ, ಜೋನಿ ಬೆಲ್ಲಕ್ಕೆ ಇದು ಒಗ್ಗುತ್ತದೆಯೇ?

ಚಿಕ್ಕಮಗಳೂರಿನ ಎಂ.ಜಿ. ರಸ್ತೆಯ ಬ್ಯಾಗ್ ಅಂಗಡಿಯೊಂದರಲ್ಲಿ ಕೊಂಡ ಈ ಸೆಟ್‌ನಲ್ಲಿ ಮೂರು ಸಿಲಿಕೋನ್ ಬಾಟಲಿಗಳು, ಅಗಲ ಬಾಯಿಯ ಎರಡು ಪ್ಲಾಸ್ಟಿಕ್ ಡಬ್ಬಿಗಳು, ಒಂದು ಸ್ಪ್ರೇ ಬಾಟಲಿ ಹಾಗೂ ಇವೆಲ್ಲವನ್ನೂ ಹಾಕಿಡಲು ಜಿಪ್ ಇರುವ ಒಂದು ಪಾರದರ್ಶಕ ಚೀಲ ಇವೆ. ಬೆಲೆ ನಾನೂರು ರೂಪಾಯಿಗಿಂತ ಸ್ವಲ್ಪ ಕಡಿಮೆ. ಶಾಂಪೂ, ಮುಖಕ್ಕೆ ಹಚ್ಚುವ ಕ್ರೀಮು ಮುಂತಾದವುಗಳಿಗಾಗಿ ಮಾಡಿದ ಸಾಮಾನು ಇದು ಎಂಬುದು ಪೆಟ್ಟಿಗೆಯ ಮೇಲಿನ ಚಿತ್ರದಿಂದಲೇ ತಿಳಿಯುತ್ತದೆ. ಆದರೆ ನಮ್ಮ ಜಿಲ್ಲೆಯಿಂದ ಹೊರದೇಶದಲ್ಲಿರುವ ಮಕ್ಕಳ ಮನೆಗೆ ಹೊರಡುವ ತಂದೆತಾಯಿಯರ ಕೈಚೀಲದಲ್ಲಿ ಶಾಂಪೂಗಿಂತ ಮೊದಲು ಜಾಗ ಹಿಡಿಯುವುದು ತೋಟದ ಜೇನು, ಮನೆಯ ತುಪ್ಪ, ಮಿಡಿ ಉಪ್ಪಿನಕಾಯಿ. ಭದ್ರತಾ ತಪಾಸಣೆಯಲ್ಲಿ ಇವನ್ನು ಬಿಟ್ಟುಹೋಗಬೇಕಾಗಿ ಬಂದು ಕಣ್ಣಲ್ಲಿ ನೀರು ತಂದುಕೊಂಡ ಹಿರಿಯರನ್ನು ನೋಡಿದ್ದೇನೆ. ಅಂಥವರಿಗೆ ಈ ಸೆಟ್ ಎಷ್ಟರಮಟ್ಟಿಗೆ ನೆರವಾಗುತ್ತದೆ ಎಂಬ ದೃಷ್ಟಿಯಿಂದಲೇ ಇದನ್ನು ಪರೀಕ್ಷಿಸಿದ್ದೇನೆ.

ಮೊದಲು ನಿಯಮವನ್ನು ಹೇಳಬೇಕು, ಏಕೆಂದರೆ ಬಾಟಲಿಯ ಗುಣದೋಷಗಳೆಲ್ಲ ಅದರ ಮೇಲೆಯೇ ನಿಂತಿವೆ. ಲಂಡನ್‌ನಿಂದ ಉತ್ತರ ಅಮೆರಿಕಕ್ಕೆ ಹೋಗುವ ವಿಮಾನಗಳನ್ನು ತಂಪು ಪಾನೀಯದ ಬಾಟಲಿಗಳಲ್ಲಿ ತುಂಬಿದ ದ್ರವ ಸ್ಫೋಟಕದಿಂದ ಉಡಾಯಿಸುವ ಸಂಚು 2006ರ ಆಗಸ್ಟ್‌ನಲ್ಲಿ ಬಯಲಾಯಿತು. ಆಗಿನ ಎಕ್ಸ್-ರೇ ಯಂತ್ರಗಳಿಗೆ ನೀರಿನ ಬಾಟಲಿಗೂ ಅಪಾಯದ ದ್ರವಕ್ಕೂ ಇರುವ ವ್ಯತ್ಯಾಸವನ್ನು ಖಚಿತವಾಗಿ ಗುರುತಿಸುವ ಶಕ್ತಿ ಇರಲಿಲ್ಲವಾದ್ದರಿಂದ, ಕೈಯಲ್ಲಿ ಒಯ್ಯುವ ದ್ರವದ ಪ್ರಮಾಣಕ್ಕೇ ಮಿತಿ ಹಾಕಲಾಯಿತು. ಅಂತರರಾಷ್ಟ್ರೀಯ ಪ್ರಯಾಣದಲ್ಲಿ ಇಂದಿಗೂ ಸಾಮಾನ್ಯವಾಗಿ ಒಂದೊಂದು ಪಾತ್ರೆ 100 ಮಿ.ಲೀ. ಮೀರಬಾರದು, ಎಲ್ಲ ಪಾತ್ರೆಗಳೂ ಒಂದು ಲೀಟರ್ ಹಿಡಿಯುವ ಒಂದೇ ಪಾರದರ್ಶಕ ಚೀಲದಲ್ಲಿರಬೇಕು, ಆ ಚೀಲದ ಬಾಯಿ ಪೂರ್ತಿ ಮುಚ್ಚಬೇಕು. ಲೆಕ್ಕಕ್ಕೆ ಬರುವುದು ಪಾತ್ರೆಯ ಅಳತೆಯೇ ಹೊರತು ಒಳಗೆ ಉಳಿದ ವಸ್ತುವಿನ ಅಳತೆಯಲ್ಲ, 200 ಮಿ.ಲೀ. ಬಾಟಲಿಯ ತಳದಲ್ಲಿ ಎರಡು ಚಮಚ ಎಣ್ಣೆಯಷ್ಟೇ ಇದ್ದರೂ ಅದನ್ನು ಒಳಗೆ ಬಿಡುವುದಿಲ್ಲ. ಪ್ರಯಾಣಕ್ಕೆ ಬೇಕಾದ ಔಷಧಿಗೂ ಹಸುಗೂಸಿನ ಆಹಾರಕ್ಕೂ ವಿನಾಯಿತಿ ಇದೆ.

ಈ ಕಾರಣದಿಂದಲೇ ಬಾಟಲಿಯ ಮೇಲೆ ಅಳತೆಯ ಗುರುತು ಇರುವುದು ಬಹಳ ಮುಖ್ಯ. ಸಿಲಿಕೋನ್ ಬಾಟಲಿಗಳ ತಳದಲ್ಲಿ 100 ಮಿ.ಲೀ. ಎಂದು ಉಬ್ಬು ಅಕ್ಷರಗಳಲ್ಲಿ ಅಚ್ಚಾಗಿದೆ, ತಿಕ್ಕಿ ತೊಳೆದರೂ ಅಳಿಸುವುದಿಲ್ಲ. ಅಗಲ ಬಾಯಿಯ ಡಬ್ಬಿಗಳ ಮೇಲೆ ಮಾತ್ರ ಅಳತೆಯನ್ನು ಅಂಟುಚೀಟಿಯಲ್ಲಿ ಬರೆದಿದ್ದಾರೆ, ಅದು ಬಿಸಿನೀರಿನಲ್ಲಿ ತೊಳೆದ ಕೂಡಲೇ ಕಿತ್ತುಬರುತ್ತದೆ. ಆ ಡಬ್ಬಿಗಳು ಸಾಕಷ್ಟು ಚಿಕ್ಕವು ಎಂಬುದು ನಿಜವೇ ಆದರೂ, ಹಿಂದೆ ಉದ್ದ ಸಾಲು ನಿಂತಿರುವಾಗ ಕೇಂದ್ರೀಯ ಕೈಗಾರಿಕಾ ಭದ್ರತಾ ಪಡೆಯ ಸಿಬ್ಬಂದಿಗೆ ಅದನ್ನು ವಾದಿಸಿ ಒಪ್ಪಿಸುವ ಸ್ಥಿತಿ ಯಾವ ವಯಸ್ಸಾದವರಿಗೂ ಬರಬಾರದು. ತಯಾರಕರು ಇದನ್ನು ತಿದ್ದಿಕೊಳ್ಳಲೇಬೇಕು.

ಮಿತಿ ಇರುವುದು ಗಾತ್ರಕ್ಕೆ, ತೂಕಕ್ಕಲ್ಲ ಎಂಬುದು ಜೇನು ಒಯ್ಯುವವರಿಗೆ ಅನುಕೂಲದ ವಿಷಯ. ಜೇನು ನೀರಿಗಿಂತ ಸುಮಾರು 1.4 ಪಟ್ಟು ಸಾಂದ್ರವಾದದ್ದು. ಹಾಗಾಗಿ ಇದೇ ಪುಟ್ಟ ಬಾಟಲಿಯಲ್ಲಿ ಹೆಚ್ಚುಕಡಿಮೆ 140 ಗ್ರಾಂ ಜೇನು ಹಿಡಿಯುತ್ತದೆ. ಹಾಗೆಯೇ 100 ಗ್ರಾಂ ಎಂದು ಚೀಟಿ ಹಚ್ಚಿದ ಜೇನಿನ ಬಾಟಲಿಯೊಳಗೆ ಇರುವುದು 70 ಮಿ.ಲೀ.ಯಷ್ಟೇ. ತುಪ್ಪದ ಲೆಕ್ಕ ಇದಕ್ಕೆ ತಿರುಗುಮುರುಗು, ಅದು ನೀರಿಗಿಂತ ಹಗುರವಾದ್ದರಿಂದ 100 ಮಿ.ಲೀ. ಡಬ್ಬಿಯಲ್ಲಿ 90 ಗ್ರಾಂ ಆಸುಪಾಸು ಕೂರುತ್ತದೆ. ನಮ್ಮ ಚಳಿಗೆ ಗಟ್ಟಿಯಾದ ತುಪ್ಪವನ್ನು ಘನ ಪದಾರ್ಥವೆಂದು ಒಪ್ಪುತ್ತಾರೆಂಬ ಭರವಸೆ ಇಟ್ಟುಕೊಳ್ಳಬಾರದು. ಸುರಿಯಬಹುದಾದದ್ದು, ಸವರಬಹುದಾದದ್ದು, ಹಿಂಡಬಹುದಾದದ್ದು ಎಲ್ಲವೂ ದ್ರವದ ಗುಂಪಿಗೇ ಸೇರುತ್ತದೆ. ಜೋನಿ ಬೆಲ್ಲ ದ್ರವ, ಅಚ್ಚು ಬೆಲ್ಲ ಅಲ್ಲ. ಪುಳಿಯೋಗರೆ ಗೊಜ್ಜು ದ್ರವ, ಪುಳಿಯೋಗರೆ ಪುಡಿ ಅಲ್ಲ.

ಇನ್ನು ಯಾವ ಪಾತ್ರೆಗೆ ಏನನ್ನು ತುಂಬಬೇಕು ಎಂಬ ಮಾತು. ಸಿಲಿಕೋನ್ ಬಾಟಲಿಗಳಲ್ಲಿ ಜೇನು ಮತ್ತು ಜೋನಿ ಬೆಲ್ಲ ಚೆನ್ನಾಗಿ ಉಳಿಯುತ್ತವೆ. ಹಿಂಡಿದರೆ ಕೊನೆಯ ಹನಿಯವರೆಗೂ ಬರುತ್ತದೆ, ಕೈಗೆ ಅಂಟುವುದಿಲ್ಲ. ತುಪ್ಪ ಮತ್ತು ಉಪ್ಪಿನಕಾಯಿಯ ಎಣ್ಣೆಯನ್ನು ಇವುಗಳಿಗೆ ಹಾಕಲೇಬಾರದು. ಸಿಲಿಕೋನ್ ಎಣ್ಣೆಯ ವಾಸನೆಯನ್ನು ಹೀರಿಕೊಳ್ಳುತ್ತದೆ, ಇಂಗು ಒಗ್ಗರಣೆಯ ಘಾಟು ಸೀಗೆಪುಡಿ ಹಾಕಿ ತೊಳೆದರೂ ಹೋಗುವುದಿಲ್ಲ. ಅವಕ್ಕೆ ಅಗಲ ಬಾಯಿಯ ಡಬ್ಬಿಗಳೇ ಸರಿ. ಮಿಡಿ ಉಪ್ಪಿನಕಾಯಿಯಾದರೆ ಒಂದು ಡಬ್ಬಿಯಲ್ಲಿ ಸಣ್ಣ ಮಿಡಿಗಳು ಮೂರು, ಹೆಚ್ಚೆಂದರೆ ನಾಲ್ಕು ಹಿಡಿಯುತ್ತವೆ. ಒಂದು ವರ್ಷದ ಉಪ್ಪಿನಕಾಯಿ ಒಯ್ಯುವವರಿಗೆ ಇದರಿಂದ ಏನೂ ಆಗದು, ಭರಣಿಯ ಸರಕು ಚೆಕ್-ಇನ್ ಪೆಟ್ಟಿಗೆಗೇ ಹೋಗಬೇಕು. ಆದರೆ ಮಗಳ ಮನೆ ತಲುಪಿದ ಸಂಜೆಯ ಮೊದಲ ಮೊಸರನ್ನಕ್ಕೆ ಅಷ್ಟು ಸಾಕು, ಮತ್ತು ಆ ಒಂದು ಊಟದ ಬೆಲೆ ನನಗೆ ಗೊತ್ತು.

ಸೋರಿಕೆಯ ಪರೀಕ್ಷೆಯನ್ನು ಊರಿನಲ್ಲೇ ಮಾಡಬಹುದು ಎಂಬುದು ಚಿಕ್ಕಮಗಳೂರಿನವರಿಗೆ ಇರುವ ದೊಡ್ಡ ಸೌಲಭ್ಯ. ಹಾರುವ ವಿಮಾನದೊಳಗಿನ ಗಾಳಿಯ ಒತ್ತಡವು ಸಮುದ್ರಮಟ್ಟದಿಂದ 1,800ರಿಂದ 2,400 ಮೀಟರ್ ಎತ್ತರದಲ್ಲಿ ಇರುವಷ್ಟಕ್ಕೆ ಇಳಿದಿರುತ್ತದೆ. ಮುಳ್ಳಯ್ಯನಗಿರಿಯ ತುದಿ 1,900 ಮೀಟರ್‌ಗಿಂತ ಎತ್ತರದಲ್ಲಿದೆ, ಅಂದರೆ ಅಲ್ಲಿಯ ಗಾಳಿ ಹೆಚ್ಚುಕಡಿಮೆ ವಿಮಾನದೊಳಗಿನ ಗಾಳಿಯಂತೆಯೇ ತೆಳುವಾಗಿರುತ್ತದೆ. ಪೇಟೆಯ ಮನೆಯಲ್ಲಿ ತುಂಬಿ ಮುಚ್ಚಿದ ಬಾಟಲಿಗಳನ್ನು ಗಿರಿಯ ಮೇಲಕ್ಕೆ ಒಯ್ದು, ಬೋರಲು ಹಾಕಿ ಇಟ್ಟು ನೋಡಿದೆ. ಗಾಳಿ ಬಿಟ್ಟು ಮುಕ್ಕಾಲು ತುಂಬಿದ್ದ ಬಾಟಲಿ ಉಬ್ಬಿ, ಮುಚ್ಚಳದ ಅಂಚಿನಲ್ಲಿ ಜೇನು ಜಿನುಗಿತು. ಹಿಂಡಿ ಗಾಳಿಯನ್ನೆಲ್ಲ ಹೊರಹಾಕಿ ಮುಚ್ಚಿದ್ದ ಬಾಟಲಿ ಮಾತ್ರ ಒಣಗಿಯೇ ಇತ್ತು. ಡಬ್ಬಿಗಳಿಗೆ ಒಳಮುಚ್ಚಳ ಇರುವುದರಿಂದ ಅವೂ ಸೋರಲಿಲ್ಲ. ಸ್ಪ್ರೇ ಬಾಟಲಿ ನಂಬಿಕೆಗೆ ಅರ್ಹವಲ್ಲ, ಅದರ ಬಗ್ಗೆ ಇಷ್ಟೇ ಸಾಕು. ಚಾರ್ಮಾಡಿ ಘಾಟಿ ಇಳಿದು ಮಂಗಳೂರಿನಿಂದ ವಿಮಾನ ಹತ್ತುವವರು ಬಾಟಲಿಗಳನ್ನು ಕೆಳಗೆ ಹೋದ ಮೇಲೆ ತೆರೆದು ಮತ್ತೆ ಮುಚ್ಚದಿರುವುದು ಒಳ್ಳೆಯದು. ಕರಾವಳಿಯ ಹೆಚ್ಚು ಒತ್ತಡದ ಗಾಳಿ ಒಳಸೇರಿದರೆ ಆಕಾಶದಲ್ಲಿ ಅದು ಇನ್ನೂ ಹೆಚ್ಚು ಹಿಗ್ಗುತ್ತದೆ.

ಇಡೀ ಸೆಟ್‌ನಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದದ್ದು ಚೀಲ. ಉದ್ದಗಲ ಎರಡೂ ಸುಮಾರು 20 ಸೆಂ.ಮೀ. ಇದ್ದು, ಜಿಪ್ ಸುಲಭವಾಗಿ ಎಳೆಯಲು ಬರುತ್ತದೆ, ಸಂಧಿವಾತದ ಬೆರಳುಗಳಿಗೂ ಕಷ್ಟವಾಗದು. ಒಂದು ಲೀಟರಿನ ಚೀಲವೆಂದರೆ ಹತ್ತು ಬಾಟಲಿ ಹಿಡಿಯಬೇಕೆಂದು ಲೆಕ್ಕ ಹೇಳಿದರೂ, ದುಂಡನೆಯ ಬಾಟಲಿಗಳ ನಡುವೆ ಸಂದು ಉಳಿಯುವುದರಿಂದ ಆರು ಇಟ್ಟರೇ ಅದು ತುಂಬುತ್ತದೆ. ಇದನ್ನು ಕೈಸಾಮಾನಿನ ಮೇಲ್ಭಾಗದಲ್ಲಿಟ್ಟು, ತಪಾಸಣೆಯ ಟ್ರೇಯಲ್ಲಿ ಪ್ರತ್ಯೇಕವಾಗಿ ಇಡಲು ಹೇಳಿದರೆ ತಕ್ಷಣ ತೆಗೆದಿಡುವಂತಿರಬೇಕು.

ಕಾಫಿಪುಡಿಗೆ ಈ ಡಬ್ಬಿಗಳು ಬೇಕಾಗಿಲ್ಲ, ಪುಡಿ ದ್ರವವಲ್ಲ. ಆದರೂ ಅಮೆರಿಕಕ್ಕೆ ಹೋಗುವವರು ಒಂದು ಮಾತು ತಿಳಿದಿರಬೇಕು: ಬೇರೆ ದೇಶಗಳಿಂದ ನೇರವಾಗಿ ಅಲ್ಲಿಗೆ ಹಾರುವ ವಿಮಾನಗಳಲ್ಲಿ 350 ಮಿ.ಲೀ.ಗಿಂತ ಹೆಚ್ಚಿನ ಪುಡಿಯನ್ನು ಕೈಸಾಮಾನಿನಲ್ಲಿ ಒಯ್ದರೆ ಹೆಚ್ಚುವರಿ ತಪಾಸಣೆಗೆ ಗುರಿಯಾಗಬೇಕೆಂಬ ಕ್ರಮ 2018ರ ಜೂನ್‌ನಿಂದ ಜಾರಿಯಲ್ಲಿದೆ, ಪರೀಕ್ಷಿಸಲು ಆಗದಿದ್ದರೆ ಅದನ್ನು ಬಿಟ್ಟೇ ಹೋಗಬೇಕಾದೀತು. ಹಾಗಾಗಿ ಅರ್ಧ ಕಿಲೋ ಪುಡಿಯ ಪೊಟ್ಟಣವನ್ನು ದೊಡ್ಡ ಪೆಟ್ಟಿಗೆಗೇ ಹಾಕುವುದು ಕ್ಷೇಮ. ಇನ್ನು ಗಟ್ಟಿ ಡಿಕಾಕ್ಷನ್ನನ್ನು ಒಂದು ಸಿಲಿಕೋನ್ ಬಾಟಲಿಯಲ್ಲಿ ಒಯ್ದು, ವಿಮಾನದಲ್ಲಿ ಬಿಸಿನೀರು ಕೇಳಿ ಪಡೆದು ಬೆರೆಸಿ ಕುಡಿಯುವ ಸುಖವನ್ನು ನಮ್ಮ ಊರಿನವರಿಗೆ ವಿವರಿಸಬೇಕಾಗಿಲ್ಲ.

ಅದೇ ಅಂಗಡಿಯ ಕಪಾಟಿನಲ್ಲಿ ಮೊಮ್ಮಕ್ಕಳಿಗೆಂದು ಜನ ಕೊಳ್ಳುವ ಅಲಂಕಾರಿಕ ಸಾಮಾನುಗಳೂ ಇದ್ದವು, ಅವುಗಳ ಬಗ್ಗೆಯೂ ಎಚ್ಚರಿಕೆ ಅಗತ್ಯ. ಅಲ್ಲಾಡಿಸಿದರೆ ಹಿಮ ಉದುರುವ ಗಾಜಿನ ಗೋಳದೊಳಗೆ ಇರುವುದು ದ್ರವವೇ. 100 ಮಿ.ಲೀ. ಹಿಡಿಯುವ ಗೋಳದ ವ್ಯಾಸ ಆರು ಸೆಂ.ಮೀ.ಗಿಂತ ಕಡಿಮೆ, ಅಂಗಡಿಯಲ್ಲಿದ್ದವು ಅದಕ್ಕಿಂತ ಬಹಳ ದೊಡ್ಡವು. ಬಂದೂಕಿನ ಗುಂಡಿನ ಆಕಾರದ ಕೀಲಿಗೊಂಚಲು, ಪಿಸ್ತೂಲಿನಂತೆ ಕಾಣುವ ಆಟಿಕೆ, ಲೈಟರ್ ಅಡಗಿರುವ ಪೆನ್ನು, ಇವು ಯಾವುವೂ ಕೈಸಾಮಾನಿನಲ್ಲಿ ಸಲ್ಲುವುದಿಲ್ಲ. ಆಟಿಕೆಯಾದರೂ ಆಯುಧದಂತೆ ಕಂಡರೆ ಅದನ್ನು ತಡೆಯುತ್ತಾರೆ. ಅಜ್ಜಿಯ ಕಾಲದ ಹಿತ್ತಾಳೆಯ ಅಡಕತ್ತರಿಯನ್ನು ನೆನಪಿಗೆಂದು ಒಯ್ಯುವವರೂ ಅದನ್ನು ಚೆಕ್-ಇನ್ ಪೆಟ್ಟಿಗೆಯಲ್ಲೇ ಇಡಬೇಕು. ಬೇಲೂರು, ಹಳೇಬೀಡಿನಲ್ಲಿ ಕೊಂಡ ಬಳಪದ ಕಲ್ಲಿನ ಪುಟ್ಟ ವಿಗ್ರಹ ನಿಷಿದ್ಧ ವಸ್ತುವಲ್ಲ, ಆದರೆ ಎಕ್ಸ್-ರೇಯಲ್ಲಿ ಕಪ್ಪಗೆ ದಟ್ಟವಾಗಿ ಕಾಣುವುದರಿಂದ ಚೀಲ ಬಿಚ್ಚಿಸುವ ಸಂಭವ ಹೆಚ್ಚು. ಅದನ್ನು ಸುಲಭವಾಗಿ ಬಿಚ್ಚಿ ತೋರಿಸುವಂತೆ ಬಟ್ಟೆಯಲ್ಲಿ ಸುತ್ತಿಡಿ, ಟೇಪು ಸುತ್ತಬೇಡಿ. ಅರಸೀಕೆರೆ ಕಡೆಯವರಿಗೆ ವಿಶೇಷವಾಗಿ ಹೇಳಬೇಕಾದದ್ದು, ಒಣ ಕೊಬ್ಬರಿಯನ್ನು ನಮ್ಮ ವಿಮಾನ ಸಂಸ್ಥೆಗಳು ಕೈಚೀಲದಲ್ಲೂ ದೊಡ್ಡ ಪೆಟ್ಟಿಗೆಯಲ್ಲೂ ನಿಷೇಧಿಸಿವೆ. ಎಣ್ಣೆಯ ಅಂಶ ಹೆಚ್ಚಿರುವುದರಿಂದ ಅದು ತಾನಾಗಿ ಕಾವೇರಿ ಹೊತ್ತಿಕೊಳ್ಳಬಲ್ಲದು ಎಂಬುದು ಕಾರಣ.

ತಪಾಸಣೆ ದಾಟಿದ್ದೆಲ್ಲ ಮನೆ ಸೇರುತ್ತದೆ ಎಂದೂ ಭಾವಿಸಬಾರದು. ಐರೋಪ್ಯ ಒಕ್ಕೂಟದ ದೇಶಗಳಿಗೆ ಹೊರಗಿನಿಂದ ಹಾಲಿನ ಪದಾರ್ಥಗಳನ್ನು ತರುವಂತಿಲ್ಲ, ಅಂದರೆ ಜರ್ಮನಿಗೆ ಹೋಗುವವರಿಗೆ ತುಪ್ಪದ ಡಬ್ಬಿ ನಿಷ್ಪ್ರಯೋಜಕ. ಜೇನಿಗೆ ಎರಡು ಕಿಲೋವರೆಗೆ ಅಲ್ಲಿ ಅಡ್ಡಿಯಿಲ್ಲ. ಬ್ರಿಟನ್ನಿನ ಕೆಲವು ನಿಲ್ದಾಣಗಳು ಚೀಲದೊಳಗಿನ ವಸ್ತುಗಳನ್ನು ಎಲ್ಲ ಕೋನಗಳಿಂದ ತೋರಿಸುವ ಹೊಸ ಸಿ.ಟಿ. ಸ್ಕ್ಯಾನ್ ಯಂತ್ರಗಳನ್ನು ಅಳವಡಿಸಿ ದ್ರವದ ಮಿತಿಯನ್ನು ಸಡಿಲಿಸಿವೆ. ಆದರೂ ನಡುವೆ ವಿಮಾನ ಬದಲಿಸುವ ನಿಲ್ದಾಣದಲ್ಲಿ ಮತ್ತೆ ತಪಾಸಣೆ ಇದ್ದರೆ ಅಲ್ಲಿಯ ನಿಯಮವೇ ಅನ್ವಯವಾಗುತ್ತದೆ.

ಒಟ್ಟು ಐದರಲ್ಲಿ ಮೂರೂವರೆ ಅಂಕ ಕೊಡುತ್ತೇನೆ. ಚೀಲ ಮತ್ತು ಸಿಲಿಕೋನ್ ಬಾಟಲಿಗಳಿಗೆ ಕೊಟ್ಟ ಹಣ ಸಾರ್ಥಕ. ಸ್ಪ್ರೇ ಬಾಟಲಿಯ ಬದಲಿಗೆ ಇನ್ನೊಂದು ಅಗಲ ಬಾಯಿಯ ಡಬ್ಬಿ ಇಟ್ಟಿದ್ದರೆ ಅರ್ಧ ಅಂಕ ಹೆಚ್ಚು ಕೊಡುತ್ತಿದ್ದೆ. ಕೊಳ್ಳುವಾಗ ಪೆಟ್ಟಿಗೆಯನ್ನು ಅಂಗಡಿಯಲ್ಲೇ ತೆರೆಸಿ, ಡಬ್ಬಿಗಳ ಒಳಮುಚ್ಚಳಗಳು ಎರಡೂ ಇವೆಯೇ ಎಂದು ನೋಡಿಕೊಳ್ಳಿ. ಅವು ಬಿಡಿಯಾಗಿ ಸಿಗುವುದಿಲ್ಲ.