ಸೈಲೆನ್ಸರ್‌ಗೆ ನಿಜವಾಗಿ ಪೈಪ್ ಹಾಕುವ ಎಮಿಷನ್ ಟೆಸ್ಟ್ ಸೆಂಟರ್

ಕೆಂಗೇರಿ ಕಡೆಯ ಒಂದು ಪೆಟ್ರೋಲ್ ಬಂಕಿನ ಮೂಲೆಯಲ್ಲಿ ಹಳೇ ಓಮ್ನಿ ವ್ಯಾನ್ ನಿಂತಿರುತ್ತದೆ. ಒಳಗೆ ಒಂದು ಕಂಪ್ಯೂಟರ್, ಹೊಗೆಯಲ್ಲಿರುವ ಅನಿಲಗಳನ್ನು ಅಳೆಯುವ ಒಂದು ಗ್ಯಾಸ್ ಅನಲೈಸರ್, ಡೀಸೆಲ್ ಗಾಡಿಗಳಿಗೆ ಒಂದು ಸ್ಮೋಕ್ ಮೀಟರ್. ಅಷ್ಟೇ. ಯಾರಾದರೂ ಎಮಿಷನ್ ಟೆಸ್ಟ್ ಎಲ್ಲಿ ಮಾಡಿಸಲಿ ಅಂತ ಕೇಳಿದರೆ ನಾನು ಈಗ ಇಲ್ಲಿಗೇ ಕಳಿಸುತ್ತೇನೆ. ಕಾರಣ ಒಂದೇ, ಇಲ್ಲಿ ಗಾಡಿಯ ಹೊಗೆಯನ್ನು ನಿಜವಾಗಿ ಅಳೆಯುತ್ತಾರೆ.

ಇದನ್ನೂ ಹೇಳಬೇಕಾ ಅನ್ನಿಸಬಹುದು. ಹೇಳಲೇಬೇಕು. ಹಿಂದೆ ಹೋಗುತ್ತಿದ್ದ ಇನ್ನೊಂದು ಕಡೆ ನಂಬರ್ ಪ್ಲೇಟಿನ ಫೋಟೋ ತೆಗೆದು, ಇಂಜಿನ್ ಆಫ್ ಇರುವಾಗಲೇ ಸರ್ಟಿಫಿಕೇಟ್ ಪ್ರಿಂಟ್ ಮಾಡಿ ಕೈಗೆ ಕೊಡುತ್ತಿದ್ದರು. ಎರಡು ನಿಮಿಷದ ಕೆಲಸ. ಜನರಿಗೂ ಅದೇ ಬೇಕಾಗಿತ್ತು, ಏಕೆಂದರೆ ಪೊಲೀಸರು ಹಿಡಿದಾಗ ತೋರಿಸಲು ಒಂದು ಕಾಗದ ಇದ್ದರೆ ಸಾಕು, ಸರ್ಟಿಫಿಕೇಟ್ ಇಲ್ಲದಿದ್ದರೆ ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯ ನಂತರ ದಂಡ 10,000 ರೂಪಾಯಿವರೆಗೂ ಹೋಗಬಹುದು. ಆದರೆ ಅಂಥ ಕಾಗದದಿಂದ ಸಿಗ್ನಲ್‌ನಲ್ಲಿ ನಮ್ಮ ಹಿಂದೆ ನಿಂತವರ ಉಸಿರಿಗೆ ಏನೂ ಪ್ರಯೋಜನವಿಲ್ಲ. ನನ್ನ ಮಗಳಿಗೆ ವೀಸಿಂಗ್, ಅಂದರೆ ಉಬ್ಬಸ, ಇದೆ. ಮೈಸೂರು ರಸ್ತೆಯ ಟ್ರಾಫಿಕ್‌ನಲ್ಲಿ ಅವಳು ಕೆಮ್ಮುವುದನ್ನು ನೋಡಿದ ಮೇಲೆ ಈ ವಿಷಯ ನನಗೆ ಬರೀ ಕಾಗದದ ವಿಷಯವಾಗಿ ಉಳಿದಿಲ್ಲ.

ಇಲ್ಲಿ ಹೇಗೆ ಮಾಡುತ್ತಾರೆ ಅಂದರೆ, ಮೊದಲು ಇಂಜಿನ್ ಬಿಸಿ ಇದೆಯಾ ಅಂತ ಕೇಳುತ್ತಾರೆ. ತಣ್ಣಗಿರುವ ಕಾರಿನಲ್ಲಿ ಹೊಗೆಯನ್ನು ಶುದ್ಧ ಮಾಡುವ ಕೆಟಲಿಟಿಕ್ ಕನ್ವರ್ಟರ್ ಸರಿಯಾಗಿ ಕೆಲಸ ಮಾಡುವುದಿಲ್ಲ, ರೀಡಿಂಗ್ ಸುಮ್ನೆ ಜಾಸ್ತಿ ಬರುತ್ತದೆ. ಆಮೇಲೆ ಅನಲೈಸರಿನ ಪೈಪನ್ನು ಸೈಲೆನ್ಸರ್ ಒಳಗೆ ಒಂದು ಅಡಿಯಷ್ಟು ತೂರಿಸುತ್ತಾರೆ. ಸುಮ್ಮನೆ ಬಾಯಿಗೆ ಸಿಕ್ಕಿಸಿದರೆ ಹೊರಗಿನ ಗಾಳಿ ಸೇರಿಕೊಂಡು ರೀಡಿಂಗ್ ಕಡಿಮೆ ಬರುತ್ತದೆ. ಐಡ್ಲಿಂಗ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಇಂಜಿನ್ ಸುಮ್ಮನೆ ಓಡುವಾಗ, ಒಮ್ಮೆ, ಆಕ್ಸಿಲರೇಟರ್ ಒತ್ತಿ 2,500 ಆರ್‌ಪಿಎಂ ಹತ್ತಿರ ಇಟ್ಟು ಇನ್ನೊಮ್ಮೆ ನೋಡುತ್ತಾರೆ. ಸ್ಕ್ರೀನನ್ನು ನಮ್ಮ ಕಡೆಗೇ ತಿರುಗಿಸಿ ಇಟ್ಟಿರುತ್ತಾರೆ, ನನಗೆ ತುಂಬಾ ಹಿಡಿಸಿದ್ದು ಇದು.

ನನ್ನ ಕಾರು ಬಿಎಸ್-4 (ಭಾರತ್ ಸ್ಟೇಜ್-4, ಸರ್ಕಾರದ ಹೊಗೆ ಮಾನದಂಡ) ಪೆಟ್ರೋಲ್. ಐಡ್ಲಿಂಗ್‌ನಲ್ಲಿ ಕಾರ್ಬನ್ ಮೊನಾಕ್ಸೈಡ್ ಶೇ 0.3 ಮೀರಬಾರದು, ಹೈಡ್ರೋಕಾರ್ಬನ್ 200 ಪಿಪಿಎಂ (ಹತ್ತು ಲಕ್ಷದಲ್ಲಿ 200 ಭಾಗ) ಮೀರಬಾರದು. ಎರಡೂ ಮಿತಿಗಿಂತ ಬಹಳ ಕೆಳಗಿತ್ತು, ಪಾಸ್. ಅಪ್ಪನ ಬೈಕ್ ಮಾತ್ರ ಫೇಲ್. 2008ರ ಗಾಡಿ, ಕಾರ್ಬ್ಯುರೇಟರ್‌ನದು. ಅದಕ್ಕೆ ಕಾರ್ಬನ್ ಮೊನಾಕ್ಸೈಡ್ ಮಿತಿ ಶೇ 3.5, ನಮ್ಮದು 4 ದಾಟಿತ್ತು. ಅಪ್ಪ ಬೇಜಾರು ಮಾಡಿಕೊಂಡರು. "ಬೇರೆ ಕಡೆ ಯಾವತ್ತೂ ಹೀಗೆ ಹೇಳಿಲ್ಲವಲ್ಲಪ್ಪಾ" ಅಂದರು. ಟೆಸ್ಟ್ ಮಾಡುವ ಹುಡುಗ ಜೋರು ಮಾಡಲಿಲ್ಲ, ದುಡ್ಡು ಜಾಸ್ತಿ ಕೊಟ್ಟರೆ ನೋಡೋಣ ಅಂತಲೂ ಅನ್ನಲಿಲ್ಲ. "ಸರ್, ಏರ್ ಫಿಲ್ಟರ್ ಕಟ್ಟಿಕೊಂಡಿರಬೇಕು, ಪೆಟ್ರೋಲ್ ಜಾಸ್ತಿ ಕುಡೀತಾ ಇದೆಯಾ ನೋಡಿ" ಅಂತ ಹೇಳಿ ರಿಜೆಕ್ಷನ್ ಸ್ಲಿಪ್ ಕೊಟ್ಟ. ಈ ಸ್ಲಿಪ್ 2021ರಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ತಂದ ಹೊಸ ನಿಯಮದಲ್ಲಿ ಬಂದದ್ದು. ಫೇಲ್ ಆದ ಗಾಡಿಗೆ ರೀಡಿಂಗ್ ಬರೆದು ಕೊಡಬೇಕು, ಅದನ್ನು ಹಿಡಿದುಕೊಂಡು ಗ್ಯಾರೇಜಿಗೆ ಹೋಗಬಹುದು. ಈ ಸ್ಲಿಪ್ಪನ್ನು ಕಣ್ಣಿಂದ ನೋಡಿದವರು ಎಷ್ಟು ಜನ ಇದ್ದೀರಿ?

ಮೆಕ್ಯಾನಿಕ್ ಫಿಲ್ಟರ್ ಬದಲಾಯಿಸಿ ಕಾರ್ಬ್ಯುರೇಟರ್ ಟ್ಯೂನ್ ಮಾಡಿದ ಮೇಲೆ ಅದೇ ಬೈಕ್ ಆರಾಮಾಗಿ ಪಾಸ್ ಆಯಿತು. ಮೈಲೇಜೂ ಸುಧಾರಿಸಿದೆ. ಕಾರ್ಬನ್ ಮೊನಾಕ್ಸೈಡ್ ಜಾಸ್ತಿ ಅಂದರೆ ಪೆಟ್ರೋಲ್ ಪೂರ್ತಿ ಉರಿಯುತ್ತಿಲ್ಲ ಅಂತ ಅರ್ಥ, ನಾವು ದುಡ್ಡು ಕೊಟ್ಟು ಹಾಕಿಸಿದ್ದೇ ಅರೆಬರೆ ಸುಟ್ಟು ರಸ್ತೆಗೆ ಹೋಗುತ್ತಿತ್ತು. ಆ ಕಾರ್ಬನ್ ಮೊನಾಕ್ಸೈಡ್ ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್‌ಗೆ ಅಂಟಿಕೊಂಡು ಬಿಡುತ್ತದೆ, ಆಮ್ಲಜನಕಕ್ಕೆ ಜಾಗವೇ ಇಲ್ಲದ ಹಾಗೆ. ಬಣ್ಣ ಇಲ್ಲ, ವಾಸನೆ ಇಲ್ಲ. ಹೊಗೆ ಕಾಣದ ಗಾಡಿ ಶುದ್ಧ ಅಂತ ಅಂದುಕೊಳ್ಳಲು ಆಗುವುದಿಲ್ಲ.

ಬೇಸರದ ವಿಷಯವೂ ಇದೆ. ಆ ಹುಡುಗ ಬೆಳಿಗ್ಗೆಯಿಂದ ಸಂಜೆವರೆಗೂ ಸೈಲೆನ್ಸರ್ ಹಿಂದೆಯೇ ನಿಂತಿರುತ್ತಾನೆ. ಡೀಸೆಲ್ ಗಾಡಿ ಬಂದರೆ ಆಕ್ಸಿಲರೇಟರನ್ನು ಒಮ್ಮೆಲೇ ಪೂರ್ತಿ ಒತ್ತಿ ಬಿಡಬೇಕು, ಅದೂ ಹಲವು ಸಲ. ನಾನು ನೋಡುವಾಗಲೇ ಒಂದು ಗೂಡ್ಸ್ ಟೆಂಪೋದಿಂದ ಕಪ್ಪು ಹೊಗೆ ಅವನ ಮುಖಕ್ಕೇ ಹೊಡೆಯಿತು. ಮಾಸ್ಕ್ ಇಲ್ಲ, ಫ್ಯಾನ್ ಇಲ್ಲ. ಊರಿನ ಗಾಳಿ ಚೆನ್ನಾಗಿರಲಿ ಅಂತ ಕೆಲಸ ಮಾಡುವವನಿಗೇ ಅತಿ ಕೆಟ್ಟ ಗಾಳಿ. ಮಾಲೀಕರ ಹತ್ತಿರ ಇದನ್ನು ಹೇಳಿದೆ, ತಲೆಯಾಡಿಸಿದರು. ಒಂದು ಒಳ್ಳೇ ಎನ್-95 ಮಾಸ್ಕ್ ಮತ್ತು ಒಂದು ದೊಡ್ಡ ಪೆಡೆಸ್ಟಲ್ ಫ್ಯಾನ್ ಕೊಡಿಸಲು ಎಷ್ಟು ಖರ್ಚು ಬರುತ್ತದೆ ಹೇಳಿ. ಐದಕ್ಕೆ ನಾಲ್ಕೇ ಸ್ಟಾರ್ ಕೊಡುತ್ತಿರುವುದು ಇದಕ್ಕಾಗಿ.

ಇನ್ನೊಂದು ಮಾತು, ಇದು ಸೆಂಟರಿನ ತಪ್ಪಲ್ಲ, ಟೆಸ್ಟಿನದೇ ಮಿತಿ. ಪೆಟ್ರೋಲ್ ಗಾಡಿಯಲ್ಲಿ ಸೂಕ್ಷ್ಮ ಕಣ, ಅಂದರೆ ಪಿಎಂ 2.5, ಅಳೆಯುವುದೇ ಇಲ್ಲ. ನೈಟ್ರೋಜನ್ ಆಕ್ಸೈಡ್‌ಗಳನ್ನು ಪೆಟ್ರೋಲಿಗೂ ನೋಡುವುದಿಲ್ಲ, ಡೀಸೆಲ್‌ಗೂ ನೋಡುವುದಿಲ್ಲ. ಡೀಸೆಲ್‌ನಲ್ಲಿ ಹೊಗೆ ಎಷ್ಟು ಬೆಳಕನ್ನು ತಡೆಯುತ್ತದೆ ಅನ್ನುವುದಷ್ಟೇ ಲೆಕ್ಕ. ಕಣ್ಣಿಗೆ ಕಾಣದಷ್ಟು ಸಣ್ಣ ಕಣ ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ. ನೈಟ್ರೋಜನ್ ಆಕ್ಸೈಡ್ ಬಿಸಿಲಿಗೆ ಹೈಡ್ರೋಕಾರ್ಬನ್ ಜೊತೆ ಸೇರಿ ನೆಲಮಟ್ಟದಲ್ಲೇ ಓಝೋನ್ ಆಗುತ್ತದೆ. 2020ರ ಏಪ್ರಿಲ್ 1ರಿಂದ ಬಿಎಸ್-6 ಬಂತು, ಇಂಧನದಲ್ಲಿ ಗಂಧಕ 50 ಪಿಪಿಎಂ ಇದ್ದದ್ದು 10ಕ್ಕೆ ಇಳಿಯಿತು, ಹೊಸ ಡೀಸೆಲ್ ಕಾರುಗಳಿಗೆ ಕಣ ಹಿಡಿಯುವ ಫಿಲ್ಟರ್ ಬಂತು. ಆ ಫಿಲ್ಟರ್ ಒಡೆದಿದೆಯಾ, ಯಾರಾದರೂ ತೆಗೆಸಿಬಿಟ್ಟಿದ್ದಾರಾ ಅಂತ ಪತ್ತೆ ಹಚ್ಚಲು ಹಳೇ ಸ್ಮೋಕ್ ಮೀಟರ್ ಸಾಲುವುದಿಲ್ಲ. ಕಣ ಎಣಿಸುವ ಯಂತ್ರ ಬೇಕು, ನೆದರ್ಲೆಂಡ್ಸ್‌ನಲ್ಲಿ 2023ರಿಂದ ಅದನ್ನೇ ಬಳಸುತ್ತಿದ್ದಾರೆ. ನಮ್ಮಲ್ಲೂ ತರಲೇಬೇಕು ಅನ್ನುವುದು ನನ್ನ ಅಭಿಪ್ರಾಯ.

ಹಾಗಂತ ಈಗಿರುವ ಟೆಸ್ಟನ್ನೇ ಕಳ್ಳಾಟ ಮಾಡಿ ಮುಗಿಸಿದರೆ ಹೇಗೆ? ಅಪ್ಪನ ಬೈಕಿನಂಥ ಹಳೇ ಗಾಡಿಗಳನ್ನು ಹಿಡಿಯಲು ಇದು ಸಾಕಷ್ಟು ಒಳ್ಳೇ ಟೆಸ್ಟ್, ಪೈಪ್ ಒಳಗೆ ಹೋದರೆ.

ಹೋಗುವವರಿಗೆ: ಬೆಳಿಗ್ಗೆ ಬೇಗ ಹೋಗಿ, ಹತ್ತು ಗಂಟೆ ಮೇಲೆ ಆಟೋಗಳ ಸಾಲು ಇರುತ್ತದೆ, ನೆರಳು ಇಲ್ಲ. ಸ್ವಲ್ಪ ದೂರ ಓಡಿಸಿಕೊಂಡೇ ಹೋಗಿ, ಇಂಜಿನ್ ಬಿಸಿ ಇರಲಿ. ಡೀಸೆಲ್ ಇದ್ದರೆ ಇಂಜಿನ್ ಆಯಿಲ್ ಮಟ್ಟ ಮೊದಲೇ ನೋಡಿಕೊಳ್ಳಿ. ಆರ್‌ಸಿಗೆ ಜೋಡಿಸಿರುವ ಮೊಬೈಲ್ ಜೊತೆಗಿರಲಿ. ಇಲ್ಲಿಗೆ ಬರಲು ಆಗದಿದ್ದರೆ ನಿಮ್ಮ ಹತ್ತಿರದ ಸೆಂಟರಿನಲ್ಲೇ ಮಾಡಿಸಿ, ಆದರೆ ಪೈಪ್ ಹಾಕದೆ ಪ್ರಿಂಟ್ ಕೊಟ್ಟರೆ ತೆಗೆದುಕೊಳ್ಳಬೇಡಿ, "ಹಾಕಿ ನೋಡಿ ಅಣ್ಣಾ, ಕಾಯ್ತೀನಿ" ಅಂತ ಹೇಳಿ.