ರಾಮದೇವರ ಬೆಟ್ಟ: ನಾಲ್ಕು ಸ್ಟಾರ್, ಬೈನಾಕ್ಯುಲರ್ ಇದ್ದರೆ ಐದು

ತೊಂಬತ್ತರ ದಶಕದಲ್ಲಿ ಭಾನುವಾರ ಬಂದರೆ ಸಾಕು, ಹಗ್ಗ ಹೊತ್ತುಕೊಂಡು ರಾಮನಗರದ ಬಂಡೆಗಳಿಗೆ ಹೋಗುತ್ತಿದ್ದವನು ನಾನು. ಮಂಡಿ ಕೈಕೊಟ್ಟ ಮೇಲೆ ಬಿಟ್ಟೆ. ಮೊನ್ನೆ ಡಿಸೆಂಬರಿನಲ್ಲಿ ಮಗಳ ಜೊತೆ ರಾಮದೇವರ ಬೆಟ್ಟಕ್ಕೆ ಹೋಗಿದ್ದೆ, ಸುಮ್ನೆ ನೋಡುವುದಕ್ಕೆ.

ಬೆಂಗಳೂರಿನಿಂದ ಸುಮಾರು 50 ಕಿಲೋಮೀಟರ್. ಮೆಟ್ಟಿಲು ಹತ್ತುವುದು ನನ್ನ ಮಂಡಿಗೂ ಸಾಧ್ಯವಾಯಿತು. ಕೋತಿಗಳಿವೆ, ಕೈಯಲ್ಲಿ ಕವರ್ ಹಿಡಿಯಬೇಡಿ. ನಮ್ಮ ಚುರುಮುರಿ ಹಾಗೇ ಹೋಯಿತು.

ಈಗ ಮುಖ್ಯ ವಿಷಯ. ಎದುರಿನ ಬಂಡೆಯ ಮೈಮೇಲೆ ಸುಣ್ಣ ಸುರಿದ ಹಾಗೆ ಬಿಳಿ ಗೆರೆಗಳು ಇಳಿದಿರುತ್ತವೆ, ನೋಡಿ. ನಾವು ಹತ್ತುವ ಕಾಲದಲ್ಲಿ ಅದು ಬರೀ ಗಲೀಜು. "ಕೈ ಜಾರುತ್ತೆ, ಪಕ್ಕದಿಂದ ಹೋಗೋ" ಅನ್ನುತ್ತಿದ್ದೆವು. ಅದು ರಣಹದ್ದಿನ ಹಿಕ್ಕೆ. ಗೆರೆ ಎಲ್ಲಿ ಶುರುವಾಗುತ್ತದೋ ಅಲ್ಲೊಂದು ಅಂಚು, ಅಲ್ಲಿ ಹಕ್ಕಿ ಕೂರುವ ಜಾಗ, ಅದೃಷ್ಟವಿದ್ದರೆ ಗೂಡು. ಗೂಡುಗಳ ಲೆಕ್ಕ ಇಡುವವರು ಮೊದಲು ಹುಡುಕುವುದೇ ಈ ಗೆರೆಯನ್ನು. ದೂರದಿಂದ ಬಂಡೆಯ ಫೋಟೊ ತೆಗೆದು, ಅಂಚುಗಳಿಗೆ ಗುರುತು ಹಾಕಿ, ಮುಂದಿನ ವರ್ಷ ಬಂದು ಹೋಲಿಸಿ ನೋಡುತ್ತಾರೆ. ಹಳೇ ಗೆರೆ ಮಳೆಗೆ ಮಾಸಿ, ಹೊಸದು ಬೀಳದಿದ್ದರೆ ಮನೆ ಖಾಲಿ.

ಉದ್ದ ಕೊಕ್ಕಿನ ರಣಹದ್ದು ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಅದೂ ಚಳಿಗಾಲದಲ್ಲಿ, ಸರಿಯಾಗಿ ನಮ್ಮ ಹತ್ತುವ ಸೀಸನ್ನಿನಲ್ಲೇ! ದನಗಳಿಗೆ ಕೊಡುತ್ತಿದ್ದ ನೋವಿನ ಔಷಧ ಡೈಕ್ಲೋಫೆನಾಕ್, ಸತ್ತ ದನದ ಮಾಂಸದ ಮೂಲಕ ಇವುಗಳ ಹೊಟ್ಟೆ ಸೇರಿ ಕಿಡ್ನಿ ಕೆಡಿಸಿತು. 2006ರಲ್ಲಿ ದನಗಳಿಗೆ ಅದನ್ನು ಕೊಡುವುದು ನಿಷೇಧವಾಯಿತು, ಅಷ್ಟರಲ್ಲಿ ದೇಶದ ತುಂಬಾ ರಣಹದ್ದುಗಳು ಖಾಲಿಯಾಗಿದ್ದವು. ಉಳಿದ ನಾಲ್ಕು ಹಕ್ಕಿಗೆ ಗಲಾಟೆ ಇಲ್ಲದ ಬಂಡೆಯಾದರೂ ಬೇಡವೇ? 2012ರಲ್ಲಿ ಇಲ್ಲಿನ ಸುಮಾರು 346 ಹೆಕ್ಟೇರ್ ರಣಹದ್ದು ಧಾಮವಾದಾಗ ಹತ್ತುವವರ ಜೊತೆ ನಾನೂ ಗೊಣಗಿದ್ದೆ. ಈಗ ನಾಚಿಕೆಯಾಗುತ್ತದೆ.

ಒಂದು ಸ್ಟಾರ್ ಕಡಿಮೆ ಕೊಟ್ಟದ್ದು ಜಾಗಕ್ಕಲ್ಲ, ಬರುವವರಿಗೆ. ಬ್ಲೂಟೂತ್ ಸ್ಪೀಕರ್ ಹೊತ್ತು ತಂದವರು, ಹಿಂದಿ ಸಿನಿಮಾ ಶೂಟಿಂಗ್ ಎಲ್ಲಿ ಆಗಿದ್ದು ಎಂದು ಕೂಗಿ ಕೇಳುವವರು. ಹೋಗುವ ಮೊದಲು ಒಂದು ಟ್ರೆಕ್ಕಿಂಗ್ ಕಂಪನಿಗೆ ಫೋನ್ ಮಾಡಿದ್ದೆ (ಹೆಸರು ಬೇಡ ಬಿಡಿ). "ಗೂಡಿನ ಹತ್ತಿರವೇ ಕರೆದುಕೊಂಡು ಹೋಗ್ತೀವಿ ಸರ್" ಅಂದರು. ಅಂಥವರಿಗೆ ದುಡ್ಡು ಕೊಡಬೇಡಿ.

ಎರಡು ಗಂಟೆ ಕಾದೆವು. ಹನ್ನೊಂದರ ಹೊತ್ತಿಗೆ ಬಿಸಿಗಾಳಿ ಎದ್ದಾಗ ಅಂಚಿನಿಂದ ಒಂದು ಜಾರಿಕೊಂಡು ಹೊರಟಿತು. ಅಷ್ಟಗಲದ ರೆಕ್ಕೆ, ಒಂದು ಸಲವೂ ಬಡಿಯಲಿಲ್ಲ. ಮಗಳು ಬೈನಾಕ್ಯುಲರ್ ವಾಪಸ್ ಕೊಡಲೇ ಇಲ್ಲ.