ಮ್ಯಾಟ್ ಕ್ಲೇ, ನೆತ್ತಿ ಕಾಣುವ ತಲೆಗೆ

ನೆತ್ತಿ ಕಾಣತೊಡಗಿದ ಗಂಡಸಿಗೆ ಹೇರ್ ಜೆಲ್‌ನಂಥ ಶತ್ರು ಇನ್ನೊಂದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಬರೆಯುವುದೆಲ್ಲ ನಿಂತಿರುವುದು ಆ ಒಂದು ಮಾತಿನ ಮೇಲೆ. ನನಗೆ ವಯಸ್ಸು ನಲವತ್ತೈದರ ಆಸುಪಾಸು. ಕೂದಲು ಚಿಕ್ಕಂದಿನಿಂದಲೂ ತೆಳು, ನಯ. ಈಗ ಹಣೆಯ ಎರಡೂ ಮೂಲೆಯಲ್ಲಿ ಹಿಂದೆ ಸರಿಯುತ್ತಿದೆ, ಸುಳಿಯ ಸುತ್ತ ಚರ್ಮ ಇಣುಕುತ್ತಿದೆ. ಪಾಠ ಹೇಳುವ ಕೆಲಸ ಬೇರೆ. ಬೋರ್ಡಿನ ಕಡೆ ತಿರುಗಿದಾಗಲೆಲ್ಲ ಟ್ಯೂಬ್‌ಲೈಟಿನ ಬೆಳಕು ನೇರ ನೆತ್ತಿಗೆ, ಹಿಂದೆ ಅರವತ್ತು ಜೊತೆ ಕಣ್ಣು. ಅಂಥವನ ತಲೆಗೆ ಮ್ಯಾಟ್ ಕ್ಲೇ, ಅಂದರೆ ಕೂದಲನ್ನು ಹೊಳಪಿಲ್ಲದೆ ನಿಲ್ಲಿಸಲು ಹಚ್ಚುವ ಜೇಡಿ ಬೆರೆತ ಮೇಣ, ಏನು ಮಾಡುತ್ತದೆ, ಏನು ಮಾಡುವುದಿಲ್ಲ ಅನ್ನುವುದಷ್ಟೇ ಇಲ್ಲಿನ ವಿಷಯ. ಬ್ರಾಂಡಿನ ಹೆಸರು ಬರೆಯುತ್ತಿಲ್ಲ. ಡಬ್ಬಿಯ ಹಿಂದಿನ ಸಣ್ಣಕ್ಷರ ಓದಲು ಕಲಿತರೆ ಮುಂದಿನ ದೊಡ್ಡಕ್ಷರ ಅಷ್ಟೇನೂ ಮುಖ್ಯವಲ್ಲ.

ಜೆಲ್ ಹಚ್ಚಿದ ಕೂದಲು ಒದ್ದೆ ಕುಂಚದ ಹಾಗೆ ಹತ್ತಾರು ಎಳೆ ಸೇರಿ ಒಂದೊಂದು ಮೊನೆಯಾಗುತ್ತದೆ. ಎರಡು ಮೊನೆಗಳ ನಡುವೆ ಜಾಗ ಬಿಡುತ್ತದೆ, ಆ ಜಾಗದಲ್ಲಿ ಕಾಣುವುದು ಚರ್ಮ. ಅದೂ ಸಾಲದೆಂದು ಜೆಲ್‌ನಲ್ಲಿರುವ ಪಾಲಿಮರ್ ಒಣಗಿ ಎಳೆಯ ಮೇಲೆ ನುಣ್ಣನೆ ಪೊರೆ ಕಟ್ಟುತ್ತದೆ. ನುಣುಪಾದ ಮೈ ಬೆಳಕನ್ನು ಒಂದೇ ದಿಕ್ಕಿಗೆ ತಿರುಗಿಸಿ ಕಳಿಸುವುದರಿಂದ ತಲೆ ಮಿರಮಿರ ಮಿಂಚುತ್ತದೆ. ದಟ್ಟ ಕೂದಲಿನ ಹುಡುಗರಿಗೆ ಚೆಂದ, ನಮಗೆ ಅದು ಇಲ್ಲದ್ದನ್ನು ಬೆರಳಿಟ್ಟು ತೋರಿಸಿದಂತೆ. ಕ್ಲೇ ಇದಕ್ಕೆ ತದ್ವಿರುದ್ಧ. ಅದರ ಜೇಡಿಯ ಕಣಗಳು ಎಳೆಯ ಮೈಯನ್ನು ತರಿತರಿ ಮಾಡುತ್ತವೆ, ಬೆಳಕು ಎಲ್ಲ ಕಡೆ ಚದುರುತ್ತದೆ, ಎಳೆಗಳು ಒಂದರ ಮೇಲೊಂದು ಜಾರಿ ಮಲಗದೆ ಅಲ್ಲಲ್ಲೇ ನಿಲ್ಲುತ್ತವೆ. ಇದ್ದಷ್ಟೇ ಕೂದಲು ಹೆಚ್ಚು ಜಾಗ ತುಂಬುತ್ತದೆ.

ಗಂಡಸಿನ ತಲೆ ಹೊಳೆಯಬೇಕು ಅನ್ನುವ ಹುಚ್ಚು ಹಳೆಯದು, ಬಿಡಿ. ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡಿನಲ್ಲಿ ಮಕಾಸರ್ ಎಣ್ಣೆ ಬಳಿದುಕೊಂಡ ತಲೆಗಳು ಕುರ್ಚಿಯ ಬೆನ್ನನ್ನೆಲ್ಲ ಜಿಡ್ಡು ಮಾಡುತ್ತಿದ್ದವು. ಅದರಿಂದ ಕುರ್ಚಿ ಉಳಿಸಲು ಒಂದು ಬಟ್ಟೆ ಹುಟ್ಟಿಕೊಂಡಿತು, ಹೆಸರೇ ಆ್ಯಂಟಿಮಕಾಸರ್. 1928ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಶುರುವಾದ ಬ್ರಿಲ್‌ಕ್ರೀಮ್ ನೀರು, ಖನಿಜತೈಲ, ಜೇನುಮೇಣ ಸೇರಿಸಿ ಕಲಸಿದ ಕ್ರೀಮು. ಅದು ಕೊಡುತ್ತಿದ್ದದ್ದೂ ಹೊಳಪನ್ನೇ. ಎರಡನೇ ಮಹಾಯುದ್ಧದ ಬ್ರಿಟಿಷ್ ವಾಯುಪಡೆಯ ಹುಡುಗರಿಗೆ ‘ಬ್ರಿಲ್‌ಕ್ರೀಮ್ ಬಾಯ್ಸ್’ ಎಂಬ ಅಡ್ಡಹೆಸರೂ ಬಿತ್ತು. ಆ ಕಾಲದ ಫೋಟೋಗಳಲ್ಲಿ ಅವರು ಸೊಗಸಾಗಿ ಕಾಣುತ್ತಾರೆ, ಸುಳ್ಳು ಹೇಳಬಾರದು. ಅವರಿಗೆಲ್ಲ ಆಗ ಇಪ್ಪತ್ತು ಚಿಲ್ಲರೆ ವಯಸ್ಸು ಅನ್ನುವುದನ್ನೂ ಮರೆಯಬಾರದು.

ಈಗ ಸಣ್ಣಕ್ಷರಕ್ಕೆ ಬರೋಣ. ಸೌಂದರ್ಯವರ್ಧಕಗಳ ಡಬ್ಬಿಯ ಮೇಲೆ ಸಾಮಗ್ರಿಗಳನ್ನು ತೂಕದ ಇಳಿಕೆ ಕ್ರಮದಲ್ಲಿ ಬರೆಯುತ್ತಾರೆ. ಶೇಕಡ 1ಕ್ಕಿಂತ ಕಡಿಮೆ ಇರುವವನ್ನು ಮಾತ್ರ ಕೊನೆಯಲ್ಲಿ ಹೇಗೆ ಬೇಕಾದರೂ ಬರೆಯಬಹುದು. ನನ್ನ ಡಬ್ಬಿಯಲ್ಲಿ ಮೊದಲು ನೀರು, ಆಮೇಲೆ ಜೇನುಮೇಣ, ಲ್ಯಾನೊಲಿನ್ (ಕುರಿಯುಣ್ಣೆಯ ಜಿಡ್ಡು), ಬೆನ್ನಿಗೇ ಕೆಯೋಲಿನ್ ಮತ್ತು ಬೆಂಟೊನೈಟ್. ಕೊನೆಯ ಎರಡೇ ನಿಜವಾದ ಜೇಡಿ. ಇವು ಪಟ್ಟಿಯ ಮೊದಲ ಅರ್ಧದಲ್ಲಿದ್ದರೆ ಡಬ್ಬಿಗೆ ಕ್ಲೇ ಅನ್ನುವ ಹೆಸರು ಸಲ್ಲುತ್ತದೆ. ಸುಗಂಧದ ನಂತರ, ಬಾಲದಲ್ಲೆಲ್ಲೋ ಕೆಯೋಲಿನ್ ಕಂಡರೆ ಅದು ಜೇಡಿಯ ಹೆಸರಿಟ್ಟುಕೊಂಡ ಬರೀ ಮೇಣ. ಅಂಗಡಿಯಲ್ಲಿ ನಿಂತು ಕನ್ನಡಕ ಏರಿಸಿ ಓದಲು ಸಂಕೋಚಪಡಬೇಡಿ. ‘ಜ್ವಾಲಾಮುಖಿಯ ಮಣ್ಣು’ ಎಂದು ಕೆಲವು ಡಬ್ಬಿಗಳು ಬಡಾಯಿ ಕೊಚ್ಚುತ್ತವಲ್ಲ, ಅದರಲ್ಲಿ ಮಾತ್ರ ಹುರುಳಿದೆ. ಬೆಂಟೊನೈಟ್ ಬಹುಮಟ್ಟಿಗೆ ಜ್ವಾಲಾಮುಖಿಯ ಬೂದಿ ಕಾಲಾಂತರದಲ್ಲಿ ರೂಪಾಂತರಗೊಂಡು ಆದ ಮಣ್ಣೇ. ನೀರು ಹೀರಿ ಉಬ್ಬುವುದು, ಜಿಡ್ಡು ಹಿಡಿದಿಟ್ಟುಕೊಳ್ಳುವುದು ಅದರ ಹುಟ್ಟುಗುಣ. ಮಧ್ಯಾಹ್ನದ ಹೊತ್ತಿಗೆ ನೆತ್ತಿಯಲ್ಲಿ ಎಣ್ಣೆ ಒಸರುವವರಿಗೆ ಇದರಿಂದ ಉಪಕಾರವಿದೆ. ತಲೆ ಸಂಜೆಯವರೆಗೂ ಬೆಳಗಿನ ಹಾಗೇ ಮಂಕಾಗಿರುತ್ತದೆ. ಇಲ್ಲಿ ಮಂಕು ಅನ್ನುವುದು ಹೊಗಳಿಕೆ.

ಹಚ್ಚುವ ಕ್ರಮದಲ್ಲಿಯೇ ಮುಕ್ಕಾಲು ಪಾಲು ಫಲ ಇದೆ. ಡಬ್ಬಿಯ ಮೇಲೆ ‘ಸ್ವಲ್ಪ ತೆಗೆದುಕೊಳ್ಳಿ’ ಅಂತ ಇರುತ್ತದೆ. ತೆಳುಗೂದಲಿಗೆ ಆ ಸ್ವಲ್ಪದಲ್ಲಿ ಅರ್ಧ ಸಾಕು. ಹೆಬ್ಬೆರಳಿನ ಉಗುರಿನ ಬೆನ್ನಿಂದ ಒಮ್ಮೆ ಕೆರೆದರೆ ಬರುವಷ್ಟು. ಜೇನುಮೇಣ ಕರಗುವುದು ಸುಮಾರು 62ರಿಂದ 64 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅಂಗೈ ಬಿಸಿಗೆ ಅದು ಕರಗುವುದಿಲ್ಲ, ಮೆತ್ತಗಾಗುತ್ತದೆ ಅಷ್ಟೇ. ಹಾಗಾಗಿ ಎರಡೂ ಅಂಗೈ ಸೇರಿಸಿ, ಉಂಡೆ ಪೂರ್ತಿ ಮಾಯವಾಗಿ ಕೈಗೆ ತೆಳು ಲೇಪ ಮಾತ್ರ ಉಳಿಯುವವರೆಗೆ ಉಜ್ಜಬೇಕು. ಬೆರಳ ಸಂದಿಗೂ ಹೋಗಬೇಕು. ಆಮೇಲೆ ಶುರುಮಾಡುವುದು ಹಿಂದಲೆಯಿಂದ, ಕೂದಲು ದಟ್ಟವಾಗಿರುವ ಕಡೆಯಿಂದ. ಹಣೆಯ ಮುಂದಿನ ಕುರುಳಿಗೆ ಕೈಯಲ್ಲಿ ಉಳಿದದ್ದು ಮಾತ್ರ. ಬಹಳ ಜನ ಕನ್ನಡಿಯಲ್ಲಿ ಕಾಣುವುದು ಹಣೆ ಅಂತ ಅಲ್ಲಿಂದಲೇ ಆರಂಭಿಸುತ್ತಾರೆ. ಅಲ್ಲೇ ಮುದ್ದೆ ಕೂತು, ಅಲ್ಲೇ ಕೂದಲು ಅಂಟಿ, ಮೂಲೆಗಳು ಇನ್ನಷ್ಟು ಅಗಲವಾಗಿ ಕಾಣುತ್ತವೆ.

ಕ್ಲೇಗಿಂತ ಮೊದಲು ಹೇರ್ ಡ್ರೈಯರ್. ಇದನ್ನು ಯಾವ ಡಬ್ಬಿಯೂ ದೊಡ್ಡದಾಗಿ ಹೇಳುವುದಿಲ್ಲ, ಹೇಳಿದರೆ ಕೀರ್ತಿ ಡ್ರೈಯರಿಗೆ ಹೋದೀತು. ಕೂದಲಿನ ಪ್ರೋಟೀನಾದ ಕೆರಾಟಿನ್ ಒಳಗೆ ಹೈಡ್ರೋಜನ್ ಬಂಧಗಳೆಂಬ ದುರ್ಬಲ ಕೊಂಡಿಗಳಿವೆ. ಒದ್ದೆಯಾದಾಗ ಅವು ಬಿಟ್ಟುಕೊಂಡು, ಒಣಗುವಾಗ ಕೂದಲು ಯಾವ ಭಂಗಿಯಲ್ಲಿದೆಯೋ ಅದರಲ್ಲೇ ಮತ್ತೆ ಕೂಡಿಕೊಳ್ಳುತ್ತವೆ. ಟವೆಲಿನಿಂದ ಒತ್ತಿ ನೀರು ತೆಗೆದು, ಕೂದಲನ್ನು ಬೆರಳಿಂದ ಬುಡದಿಂದ ಎತ್ತುತ್ತಾ, ಅದು ಮಲಗುವ ದಿಕ್ಕಿಗೆ ಎದುರಾಗಿ ಬಿಸಿಗಾಳಿ ಹಾಯಿಸಿದರೆ ಆ ಎತ್ತರ ಉಳಿಯುತ್ತದೆ. ಸುಳಿಯ ಹತ್ತಿರ ಮಾತ್ರ ಎದುರು ಹೋಗಬೇಡಿ, ಸುಳಿ ತಿರುಗುವ ಕಡೆಗೇ ಗಾಳಿ ಬಿಡಿ, ಇಲ್ಲದಿದ್ದರೆ ಮುಚ್ಚಬೇಕಾದ ಜಾಗವೇ ತೆರೆದುಕೊಳ್ಳುತ್ತದೆ. ಗಾಳಿ ಸುಡುವಷ್ಟು ಬಿಸಿ ಬೇಡ, ಮಧ್ಯಮ ಸಾಕು. ಎತ್ತರ ಕೊಡುವುದು ಡ್ರೈಯರ್, ಅದನ್ನು ಸಂಜೆಯವರೆಗೆ ಕಾಯುವುದು ಕ್ಲೇ. ಒದ್ದೆ ತಲೆಗೆ ಕ್ಲೇ ಹಚ್ಚಿದರೂ ನಡೆಯುತ್ತದೆ, ಹಿಡಿತ ಸಡಿಲ, ನೋಟ ಸ್ವಲ್ಪ ಮೆದು. ಪೂರ್ತಿ ಒಣಗಿದ ತಲೆಗೆ ಹಚ್ಚಿದರೆ ಮಂಕೂ ಹೆಚ್ಚು, ಹಿಡಿತವೂ ಹೆಚ್ಚು.

ಹೆಲ್ಮೆಟ್ ಹಾಕುವವರಿಗೆ ಇದರಲ್ಲಿ ಇನ್ನೊಂದು ಅನುಕೂಲ. ಜೆಲ್‌ನ ಪೊರೆ ಒಮ್ಮೆ ಮುರಿದರೆ ಮುರಿಯಿತು, ಬಿಳಿ ಹುಡಿಯಾಗಿ ಹೆಗಲ ಮೇಲೆ ಉದುರುತ್ತದೆ. ಕ್ಲೇ ಗಟ್ಟಿಯಾಗುವುದಿಲ್ಲ. ಹೆಲ್ಮೆಟ್ ತೆಗೆದು ಬೆರಳಾಡಿಸಿದರೆ ಕೂದಲು ಮತ್ತೆ ಎದ್ದುಕೊಳ್ಳುತ್ತದೆ. ಪೂರ್ತಿ ಬೆಳಗಿನ ಹಾಗಲ್ಲ, ಮುಕ್ಕಾಲು. ಅಷ್ಟಾದರೂ ಆಗುತ್ತದಲ್ಲ.

ನಮ್ಮ ಮನೆಯಲ್ಲಿ ಇದೇ ಡಬ್ಬಿಗೆ ಇನ್ನೊಂದು ತಲೆಯ ಪರೀಕ್ಷೆಯೂ ಆಯಿತು. ಮಗನದು ಹದಿನೇಳರ ತಲೆ, ಅಮ್ಮನ ಕಡೆಯ ಗುಂಗುರು, ಬಾಚಣಿಗೆ ಮುರಿಯುವಷ್ಟು ದಟ್ಟ. ನನ್ನ ಡಬ್ಬಿಗೆ ಕೈಹಾಕಿ ಹಚ್ಚಿಕೊಂಡು ಬಂದವನು, “ಅಪ್ಪಾ, ಇದೇನು, ತಲೆಯೆಲ್ಲ ಗೋಣಿಚೀಲ ಆಯ್ತು” ಅಂದ. ಅವನ ದೂರು ನ್ಯಾಯವಾದದ್ದೇ. ಗುಂಗುರು ಕೂದಲಿಗೆ ಬೇಕಾಗಿರುವುದು ತೇವ, ಜೇಡಿ ಇರುವ ತೇವವನ್ನೂ ಹೀರುತ್ತದೆ. ಗುಂಗುರು ಬಿಡಿಬಿಡಿಯಾಗಿ ಕೆದರಿ ನಿಲ್ಲುತ್ತದೆ. ಅವನಂಥವರು ಒದ್ದೆ ತಲೆಗೆ ಕರ್ಲ್ ಕ್ರೀಮ್ ಹಚ್ಚಿ, ಹಿಂಡಿ, ತಾನಾಗಿ ಒಣಗಲು ಬಿಡುವುದು ಮೇಲು. ಅವನಿಗೆ ಇಷ್ಟವಾದ ಇನ್ನೊಂದು ಸಾಮಾನು ಪೆಟ್ರೋಲಿಯಂ ಜೆಲ್ಲಿಯ ಹಳೇ ಕಾಲದ ಪೊಮೇಡ್, ಅಂದರೆ ಕೂದಲಿಗೆ ಹಚ್ಚುವ ಜಿಡ್ಡಿನ ಮುಲಾಮು. ಅದು ನೀರಿಗೆ ಜಗ್ಗುವುದಿಲ್ಲ, ಶಾಂಪೂಗೂ ಸುಲಭವಾಗಿ ಬಗ್ಗುವುದಿಲ್ಲ. ಮೊದಲು ಎಣ್ಣೆ ತಿಕ್ಕಿ ಸಡಿಲಿಸಿ ಆಮೇಲೆ ತೊಳೆಯಬೇಕು. ಮೊಡವೆಯ ವಯಸ್ಸಿನವರಿಗೆ ಅದನ್ನು ನಾನು ಹೇಳುವುದಿಲ್ಲ. ಹಣೆಗೆ ಇಳಿದ ಜಿಡ್ಡು ಕೂದಲಂಚಿನ ಉದ್ದಕ್ಕೂ ಮೊಡವೆ ಎಬ್ಬಿಸುತ್ತದೆ, ಚರ್ಮವೈದ್ಯರು ಅದನ್ನು ಪೊಮೇಡ್ ಆ್ಯಕ್ನೆ ಅಂತಲೇ ಕರೆಯುತ್ತಾರೆ. ಮಗ ಕೇಳುವುದಿಲ್ಲ, ಅದು ಬೇರೆ ಮಾತು.

ಕ್ಲೇಯ ಕೊರತೆಗಳೂ ಇವೆ. ಮೊದಲನೆಯದು ಎಳೆತ. ಹಚ್ಚಿದ ಮೇಲೆ ಬಾಚಣಿಗೆ ಹಾಕಿದರೆ ಕೂದಲು ಕಿತ್ತು ಬರುವಂತೆ ಜಗ್ಗುತ್ತದೆ. ಇರುವುದೇ ಕಡಿಮೆ ಇದ್ದವನಿಗೆ ಬಾಚಣಿಗೆಯ ಹಲ್ಲಲ್ಲಿ ನಾಲ್ಕು ಎಳೆ ನೋಡುವುದು ಎಂಥ ಸಂಕಟ ಅಂತ ಅನುಭವಿಸಿದವರಿಗೇ ಗೊತ್ತು. ಬೆರಳಲ್ಲೇ ತಿದ್ದಿಕೊಳ್ಳುವುದು ಉಪಾಯ, ಹಾಗಾಗಿ ಗೆರೆ ಎಳೆದಂಥ ಬೈತಲೆ ಬೇಕೆನ್ನುವವರಿಗೆ ಇದು ಸರಿಹೋಗದು. ಎರಡನೆಯದು ತೊಳೆಯುವುದು. ದಿನವೂ ಹಚ್ಚಿ ಸರಿಯಾಗಿ ತೊಳೆಯದಿದ್ದರೆ ಮೇಣ, ಜೇಡಿ ಎರಡೂ ಬುಡದಲ್ಲಿ ಕೂತು ತಲೆ ಭಾರವಾಗುತ್ತದೆ, ಬೂದುಬಣ್ಣದ ಹುಡಿ ಏಳುತ್ತದೆ. ತಲೆಹೊಟ್ಟು ಅಂತ ಗಾಬರಿಯಾಗುವವರು ಮೊದಲು ಇದನ್ನು ನೋಡಿ. ಒಣ ತಲೆಗೇ ಕಂಡಿಷನರ್ ತಿಕ್ಕಿ, ಒಂದೆರಡು ನಿಮಿಷ ಬಿಟ್ಟು, ಆಮೇಲೆ ಶಾಂಪೂ ಹಾಕಿದರೆ ಮೇಣ ಸುಲಭವಾಗಿ ಬಿಡುತ್ತದೆ. ಮಲಗುವ ಮೊದಲು ತೊಳೆಯಿರಿ, ದಿಂಬಿನ ಚೀಲವೂ ಉಳಿಯುತ್ತದೆ.

ಡಬ್ಬಿಯ ಮೇಲೆ ‘ಕೂದಲು ದಪ್ಪವಾಗಿಸುತ್ತದೆ’ ಅಂತ ಬರೆದಿರುವುದಕ್ಕೆ ಮರುಳಾಗಬೇಡಿ. ದಪ್ಪ ಕಾಣುವಂತೆ ಮಾಡುತ್ತದೆ, ತೊಳೆದೊಡನೆ ಮುಗಿಯಿತು. ಚರ್ಮದಿಂದ ಹೊರಬಂದ ಎಳೆ ಜೀವವಿಲ್ಲದ ಕೆರಾಟಿನ್, ಅದಕ್ಕೆ ಪೋಷಣೆ ಕೊಡುತ್ತೇವೆ ಅನ್ನುವ ಮಾತು ಬರೀ ಜಾಹೀರಾತು. ಉದುರುವುದನ್ನು ತಡೆಯಬೇಕಾದವರು ಚರ್ಮವೈದ್ಯರ ಹತ್ತಿರ ಹೋಗಬೇಕು. ರಕ್ತದೊತ್ತಡದ ಔಷಧಿಯಾಗಿ ಶುರುವಾದ ಮಿನಾಕ್ಸಿಡಿಲ್‌ಗೆ 1988ರಲ್ಲಿ ಅಮೆರಿಕದಲ್ಲಿ ಗಂಡಸರ ತಲೆಗೆ ಹಚ್ಚುವ ಔಷಧಿಯಾಗಿ ಒಪ್ಪಿಗೆ ಸಿಕ್ಕಿತು. ಅದು ಔಷಧಿ, ಇದು ಅಲಂಕಾರ. ಎರಡನ್ನೂ ಒಂದೇ ಕಪಾಟಿನಲ್ಲಿ ಇಟ್ಟುಕೊಂಡರೂ ಒಂದೇ ಅಂತ ತಿಳಿಯಬೇಡಿ.

ಕಟಿಂಗ್ ಸರಿಯಿಲ್ಲದೆ ಕ್ಲೇ ಏನೂ ಮಾಡಲಾರದು. ನೆತ್ತಿ ತೆಳುವಾದಾಗ ಉದ್ದ ಬಿಟ್ಟು ಮುಚ್ಚುವ ಆಸೆ ಸಹಜ, ಆದರೆ ಉದ್ದ ಕೂದಲು ತನ್ನ ಭಾರಕ್ಕೇ ಮಲಗುತ್ತದೆ. ಪಕ್ಕದಲ್ಲಿ ನಂಬರ್ ಎರಡರ ಮಷಿನ್, ಅಂದರೆ ಸುಮಾರು 6 ಮಿಲಿಮೀಟರ್, ಮೇಲೆ ನಾಲ್ಕು ಸೆಂಟಿಮೀಟರಿನ ಸುತ್ತಮುತ್ತ, ಕತ್ತರಿಯಿಂದ ಏರುಪೇರಾಗಿ ಕತ್ತರಿಸಿದ್ದು. ಪಕ್ಕ ಕಡಿಮೆಯಾದರೆ ಮೇಲಿನದು ಹೆಚ್ಚು ಕಾಣುತ್ತದೆ, ಕಣ್ಣಿಗೆ ಮಾಡುವ ಈ ಮೋಸಕ್ಕೆ ಯಾರೂ ಕೇಸು ಹಾಕುವುದಿಲ್ಲ. ತಲೆಗೂದಲು ತಿಂಗಳಿಗೆ ಒಂದು ಸೆಂಟಿಮೀಟರಿಗೆ ತುಸು ಮೇಲೆ ಬೆಳೆಯುತ್ತದೆ. ಆದ್ದರಿಂದ ತಿಂಗಳು ದಾಟಿದರೆ ಕಿವಿಯ ಮೇಲಿನದು ಉಬ್ಬಿ ಲೆಕ್ಕ ತಪ್ಪುತ್ತದೆ.

ಬಟ್ಟೆಗೂ ತಲೆಗೂ ಹೊಂದಿಕೆ ಇರಲಿ. ಮಂಕು ತಲೆಗೆ ಒಡನಾಡಿ ಹತ್ತಿಯ ಅಂಗಿ, ಲಿನನ್, ಡೆನಿಮ್, ಹೊಳೆಯದ ಚರ್ಮದ ಬೂಟು. ಎದೆಯ ಮೇಲಿನ ಕಾಲರಿನ ಮಡಿಕೆಗೆ ಹೊಳೆಯುವ ಸ್ಯಾಟಿನ್ ಇರುವ ಕಪ್ಪು ಸೂಟು ಹಾಕುವ ದಿನ ಮಾತ್ರ ಕ್ಲೇ ಅರೆಮನಸ್ಸಿನದು ಅನ್ನಿಸುತ್ತದೆ. ಆ ದಿನ ಒಂದು ಹನಿ ಹೊಳಪಿನ ಕ್ರೀಮನ್ನು ಪಕ್ಕದ ಕೂದಲಿಗಷ್ಟೇ ಸವರುತ್ತೇನೆ, ನೆತ್ತಿಗೆ ಮುಟ್ಟಿಸುವುದಿಲ್ಲ. ಕಡುನೀಲಿ ಬ್ಲೇಜರ್ ಹಾಕುವ ಮೊದಲು ತಲೆಯ ಕೆಲಸ ಮುಗಿಸಿ, ಹೆಗಲು ಕೊಡವಿಕೊಳ್ಳಿ.

ಕೊಳ್ಳುವಾಗ ಸಣ್ಣ ಡಬ್ಬಿಯನ್ನೇ ಕೊಳ್ಳಿ. ಮುಚ್ಚಳ ತೆರೆದ ಡಬ್ಬಿಯ ಚಿತ್ರದೊಳಗೆ 12ಎಂ ಅಥವಾ 24ಎಂ ಅಂತ ಇರುತ್ತದೆ, ತೆರೆದ ಮೇಲೆ ಅಷ್ಟು ತಿಂಗಳು ಬಳಸಬಹುದು ಅಂತ ಅರ್ಥ. ನಾನು ಹೇಳಿದ ಅಳತೆಯಲ್ಲಿ ಹಚ್ಚಿದರೆ ದೊಡ್ಡ ಡಬ್ಬಿ ಅಷ್ಟರಲ್ಲಿ ಮುಗಿಯುವುದೇ ಇಲ್ಲ, ನೀರಾರಿ ಅಂಚಿನಿಂದ ಬಿರುಕು ಬಿಡುತ್ತದೆ. ಮುಚ್ಚಳ ತಿರುಗಿಸಿ ಬಿಗಿ ಮಾಡುವ ಬಗೆಯದಿರಲಿ, ಒತ್ತಿ ಮುಚ್ಚುವುದು ಬೇಡ. ಮನೆಯಲ್ಲಿ ಗುಂಗುರು ಕೂದಲಿನ ಮಗನಿದ್ದರೆ ಅವನ ಕ್ರೀಮನ್ನೂ ಅದೇ ದಿನ ತಂದುಬಿಡಿ.